ಹಳೇ ವಿಡಿಯೋ ಗೇಮ್ ಪೆಟ್ಟಿಗೆ ತಗೊಳ್ಳಬಹುದಾ? ಅನುಭವ ಇದ್ದವರು ಹೇಳಿ

ತುಮಕೂರಿನಿಂದ:
ಇಲ್ಲಿ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ತೊಂಬತ್ತರ ದಶಕದ ಆರ್ಕೇಡ್ ಪೆಟ್ಟಿಗೆ (ಕಾಯಿನ್ ಹಾಕಿ ನಿಂತು ಆಡುವ ಗೇಮ್ ಮಷಿನ್) ಇದೆ. ಮೊದಲಿದ್ದ ಬೋರ್ಡ್ (ಗೇಮ್ ಓಡಿಸುವ ಸರ್ಕ್ಯೂಟ್) ತೆಗೆದು, ನೂರಾರು ಗೇಮ್ ಇರುವ ಪಂಡೋರಾ ಬೋರ್ಡ್ ಕೂರಿಸಿದ್ದಾರೆ. ಪಿಕ್ಚರ್ ಟ್ಯೂಬ್ ಮಾತ್ರ ಹಳೇದೇ. ಏನೇನು ನೋಡಬೇಕು?

ಕೆಜಿಎಫ್‌ನಿಂದ:
ಗೇಮ್ ಎಷ್ಟಿವೆ ಅಂತ ಕೇಳಲೇಬೇಡಿ ಸರ್. ಆ ಬೋರ್ಡ್ ಆನ್‌ಲೈನಲ್ಲಿ ಹೊಸದೇ ಸಿಗುತ್ತದೆ. ನೀವು ದುಡ್ಡು ಕೊಡುವುದು ಪೆಟ್ಟಿಗೆಗೆ, ಟ್ಯೂಬಿಗೆ. ಹಿಂದಿನ ಬಾಗಿಲು ತೆಗೆಸಿ, ಕೆಳಗಿನ ಮೂಲೆಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಗೆದ್ದಲು ತಿಂದಿದ್ದರೆ ನೆನೆದ ಬಿಸ್ಕತ್ತಿನ ಹಾಗೆ ಉದುರುತ್ತದೆ. ಹೊಸ ಸ್ಟಿಕ್ಕರ್ ಫಳಫಳ ಅಂತಿದ್ದರೆ ಇನ್ನೂ ಹುಷಾರು. ಪ್ಲೈವುಡ್ ಉಬ್ಬಿದ್ದನ್ನು ಮುಚ್ಚೋಕೆ ಅದೇ ಸುಲಭದ ದಾರಿ.

ಒಳಗೆ 56 ಪಿನ್‌ನ ಉದ್ದನೆಯ ಕನೆಕ್ಟರ್ ಇರಬೇಕು. ಅದೇ ಜಾಮಾ, 1985ರಲ್ಲಿ ಜಪಾನಿನವರು ತಂದ ವೈರಿಂಗ್ ಪದ್ಧತಿ. ಅದು ನೆಟ್ಟಗಿದ್ದರೆ ಮುಂದೆ ಬೇರೆ ಬೋರ್ಡ್ ಸಿಕ್ಕಿಸುವುದು ಸಲೀಸು. ಕತ್ತರಿಸಿ ಟೇಪ್ ಸುತ್ತಿದ್ದರೆ ರೇಟು ಇಳಿಸಿ. ಜಾಮಾದಲ್ಲಿ ಒಬ್ಬರಿಗೆ ಮೂರೇ ಬಟನ್. ಸ್ಟ್ರೀಟ್ ಫೈಟರ್ 2ಕ್ಕೆ ಆರು ಬೇಕು, ಕಿಕ್ ಬಟನ್‌ಗಳಿಗೆ ಬೇರೆ ವೈರ್ ಎಳೆದಿರಬೇಕು. ಅಂಗಡಿಯಲ್ಲೇ ಆಡಿ ನೋಡಿ, ಸಂಕೋಚ ಬೇಡ.

ಟ್ಯೂಬನ್ನು ಅರ್ಧ ಗಂಟೆಯಾದರೂ ಓಡಿಸಿ. ಬಿಸಿಯಾದ ಮೇಲೆ ಚಿತ್ರ ಕುಗ್ಗಿದರೆ ಸಾಮಾನ್ಯವಾಗಿ ಕೆಪಾಸಿಟರ್ ಬದಲಿಸಿ ಸರಿ ಮಾಡಬಹುದು. ಆಫ್ ಮಾಡಿದಾಗಲೂ ಗಾಜಿನ ಮೇಲೆ ಹಳೇ ಗೇಮಿನ ನೆರಳು ಕಂಡರೆ ಅದಕ್ಕೆ ಮದ್ದಿಲ್ಲ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ನೀವು ಕೈ ಹಾಕಬೇಡಿ, ಹಳೇ ಟಿವಿ ರಿಪೇರಿ ಮಾಡುವವರನ್ನು ಜೊತೆಗೆ ಕರ್ಕೊಂಡು ಹೋಗಿ.

ಚಿಂತಾಮಣಿಯಿಂದ:
ಮೊದಲು ಮನೆ ಬಾಗಿಲು ಅಳೀರಿ ಅಣ್ಣ! ಇಂಥ ಪೆಟ್ಟಿಗೆ ನೂರು ಕೆ.ಜಿ. ದಾಟುವುದುಂಟು. ನಮ್ಮದು ಮಹಡಿ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು, ಕೊನೆಗೆ ಟ್ಯೂಬ್ ಬಿಚ್ಚಿಸಿ ಹತ್ತಿಸಿದೆವು. ಅರ್ಥಿಂಗ್ ಇರುವ ಮೂರು ಪಿನ್ ಪ್ಲಗ್ ಇದೆಯಾ ಅಂತಲೂ ನೋಡಿ. ಕಾಯಿನ್ ಬಾಗಿಲು ತಗಡಿನದು, ಶಾಕ್ ಹೊಡೆಯುವುದು ಅಲ್ಲೇ.

ತುಮಕೂರಿನಿಂದ:
ಥ್ಯಾಂಕ್ಸ್. ಜೊತೆಗೆ 'ಮುಸ್ತಫಾ' ಗೇಮಿನ ಒರಿಜಿನಲ್ ಬೋರ್ಡ್ ಕೊಡ್ತೀನಿ, ಅದಕ್ಕೆ ಬೇರೆ ರೇಟು ಅಂತಿದ್ದಾರೆ?

ಕೆಜಿಎಫ್‌ನಿಂದ:
ಅದು ಕ್ಯಾಪ್‌ಕಾಮ್‌ನ 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಒರಿಜಿನಲ್ ಆದರೆ ಒಳಗೊಂದು ಬ್ಯಾಟರಿ ಇರುತ್ತದೆ, ಅದು ಸತ್ತರೆ ಗೇಮೇ ಓಡುವುದಿಲ್ಲ. ನಮ್ಮ ಕಡೆ ಅಂಗಡಿಗಳಲ್ಲಿ ನಕಲಿ ಬೋರ್ಡ್‌ಗಳೂ ಓಡುತ್ತಿದ್ದವು. ನಕಲಿಯಾದರೂ ಆಡೋಕೆ ಅಡ್ಡಿಯಿಲ್ಲ, ಒರಿಜಿನಲ್ ರೇಟು ಮಾತ್ರ ಕೊಡಬೇಡಿ. ನಿಮ್ಮ ಕಣ್ಣೆದುರೇ ಸಿಕ್ಕಿಸಿ ಓಡಿಸಿ ತೋರಿಸಲಿ, ಆಮೇಲೆ ದುಡ್ಡಿನ ಮಾತು.