ಮಗ ಬಾಗಿಲು ಹಾಕಿಕೊಳ್ಳುತ್ತಾನೆ, ಪ್ರೀತಿ ಕಡಿಮೆಯಾಯಿತೇ?

ಮಳೆಬಿಲ್ಲು:
ನನ್ನ ಮಗನಿಗೆ 13 ವರ್ಷ. ಮೊನ್ನೆ ಮೊನ್ನೆಯವರೆಗೂ ಶಾಲೆಯಿಂದ ಬಂದ ಕೂಡಲೇ ನನ್ನ ಹಿಂದೆಮುಂದೆ ಸುತ್ತುತ್ತಾ ಎಲ್ಲವನ್ನೂ ಒಪ್ಪಿಸುತ್ತಿದ್ದ. ಈಗ ಬ್ಯಾಗ್ ಇಟ್ಟವನೇ ಕೋಣೆ ಬಾಗಿಲು ಹಾಕಿಕೊಳ್ಳುತ್ತಾನೆ. ಏನು ಕೇಳಿದರೂ ‘ಏನಿಲ್ಲ’. ನಿನ್ನೆ ‘ನಿನಗೆ ಅರ್ಥ ಆಗಲ್ಲ ಬಿಡು’ ಅಂದುಬಿಟ್ಟ. ಎಲ್ಲರೂ ‘ವಯಸ್ಸು ಅದು, ಸರಿಹೋಗುತ್ತೆ’ ಅನ್ನುತ್ತಾರೆ. ನನಗೇನೋ ಹೊಟ್ಟೆಯಲ್ಲಿ ಸಂಕಟ. ದೊಡ್ಡವರಾಗುತ್ತಾ ಮಕ್ಕಳಿಗೆ ನಮ್ಮ ಮೇಲಿನ ಪ್ರೀತಿ ನಿಜವಾಗಿ ಕಡಿಮೆಯಾಗುತ್ತದೆಯೇ?

ಇಬ್ಬರ ಅಪ್ಪ:
ಇಲ್ಲ ಮೇಡಂ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಏಬ್ರಾಮ್ಸ್, ವಿನೋದ್ ಮೆನನ್ ಅವರ ತಂಡ ಮಕ್ಕಳ ಮಿದುಳು ಸ್ಕ್ಯಾನ್ ಮಾಡಿ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 12 ವರ್ಷದೊಳಗಿನವರ ಮಿದುಳಿನಲ್ಲಿ ಖುಷಿಗೆ ಸಂಬಂಧಿಸಿದ ಭಾಗ ಅಮ್ಮನ ಧ್ವನಿಗೆ ಹೆಚ್ಚು ಸ್ಪಂದಿಸುತ್ತದೆ. ಹದಿಹರೆಯದವರಲ್ಲಿ ಇದು ತಿರುಗುಮುರುಗು, ಅಪರಿಚಿತ ಧ್ವನಿಗೇ ಹೆಚ್ಚು ಕಿವಿ. ಹಾಗಂತ ಅಮ್ಮನ ಧ್ವನಿ ಅವರಿಗೆ ಗುರುತು ಸಿಗದೆ ಹೋಗಿರಲಿಲ್ಲ. ಮುಂದೆ ಹೊರಗಿನವರ ಜೊತೆ ಬದುಕಬೇಕಲ್ವಾ, ಅದಕ್ಕೆ ಮನಸ್ಸು ಸಿದ್ಧವಾಗುತ್ತಿದೆ. ನನ್ನ ಮಗಳೂ 14ರಲ್ಲಿ ಹೀಗೇ ಇದ್ದಳು. ಈಗ 20. ದಿನಾ ಅವಳೇ ಫೋನ್ ಮಾಡುತ್ತಾಳೆ.

ನಡುರಾತ್ರಿ:
ಎಲ್ಲವನ್ನೂ ವಯಸ್ಸಿನ ಮೇಲೆ ಹಾಕಿಬಿಡುವುದು ನನಗೆ ಒಪ್ಪಿಗೆಯಿಲ್ಲ. ನನಗೆ 15 ಇದ್ದಾಗ ಅಪ್ಪ ನನ್ನ ಡೈರಿ ತೆಗೆದು ಮನೆಗೆ ಬಂದವರ ಮುಂದೆ ಜೋರಾಗಿ ಓದಿದರು. ಎಲ್ಲರೂ ನಕ್ಕರು. ಅವತ್ತಿನಿಂದ ನಾನು ಮಾತು ಕಡಿಮೆ ಮಾಡಿದೆ. ‘ಹುಡುಗಿ ವಯಸ್ಸಿಗೆ ಬಂದಿದ್ದಾಳೆ, ಅದಕ್ಕೇ ಸಿಡುಕು’ ಅಂದರು. ಈಗ ನನಗೆ 34. ಆ ಸಿಡುಕು ಹೋಗಿದೆ, ಅಪ್ಪನ ಜೊತೆಗಿನ ಅಂತರ ಮಾತ್ರ ಹೋಗಿಲ್ಲ. ಅಪ್ಪನ ಔಷಧಿ, ಬಿಲ್ಲು ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ. ಮನಸ್ಸಿನ ಒಂದು ಮಾತೂ ಹೇಳುವುದಿಲ್ಲ.

ಇಬ್ಬರ ಅಪ್ಪ:
ನಿಮಗೆ ಆದದ್ದು ತಪ್ಪು. ಆದರೆ ಆ ಕಾಲದ ಅಪ್ಪಂದಿರಿಗೆ ಅದು ತಪ್ಪು ಅಂತಲೇ ಗೊತ್ತಿರಲಿಲ್ಲ. ನೀವೂ ತಾಯಿಯಾದರೆ ಅರ್ಥವಾಗಬಹುದು.

ತೊಟ್ಟಿಲು:
ಈ ಮಾತಿಗೆ ನಾನು ಉತ್ತರ ಕೊಡುತ್ತೇನೆ, ಏಕೆಂದರೆ ನಾನು ತಾಯಿಯಾಗಿದ್ದೇನೆ. ಮಗುವಿಗೆ ಎಂಟು ತಿಂಗಳು. ನಾನು ಒಂದು ನಿಮಿಷ ಮರೆಯಾದರೂ ಅಳು. ರಾತ್ರಿ ಜ್ವರ ಬಂದಾಗ ಎತ್ತಿಕೊಂಡು ಕೂತಿದ್ದೆ. ನನ್ನಮ್ಮ ಹೀಗೆ ಎಷ್ಟು ರಾತ್ರಿ ಕೂತಿರಬಹುದು ಅನ್ನಿಸಿ ಅತ್ತುಬಿಟ್ಟೆ. ಅವರ ಮೇಲಿನ ಅರ್ಧ ಕೋಪ ಅಲ್ಲೇ ಕರಗಿತು. ಉಳಿದರ್ಧ ಜಾಸ್ತಿಯಾಯಿತು! ಇಷ್ಟು ಚಿಕ್ಕ ಜೀವಕ್ಕೆ ಕೈ ಎತ್ತಲು ಅವರಿಗೆ ಮನಸ್ಸಾದರೂ ಹೇಗೆ ಬಂತು? ಅರ್ಥವಾಗುವುದು ಬೇರೆ, ಕ್ಷಮಿಸುವುದು ಬೇರೆ.

ನಡುರಾತ್ರಿ:
ಅದೇ, ಅದೇ. ಥ್ಯಾಂಕ್ಸ್.

ಹಳೇ ಕನ್ನಡಕ:
ನನಗೆ 58. ಅಮ್ಮನಿಗೆ ಮರೆವಿನ ಕಾಯಿಲೆ. ಹೊರಗೆ ಹೋಗಲೇ ಅಂತ ನನ್ನನ್ನು ಕೇಳುತ್ತಾಳೆ, ಥೇಟ್ ನಾನು ಆರು ವರ್ಷದವನಿದ್ದಾಗ ಅವಳನ್ನು ಕೇಳುತ್ತಿದ್ದ ಹಾಗೆ. ಒಂದೇ ಪ್ರಶ್ನೆ ಹತ್ತು ಸಲ ಕೇಳಿದಾಗ ರೇಗುತ್ತೇನೆ, ಆಮೇಲೆ ನಾಚಿಕೆಯಾಗುತ್ತದೆ. ನನ್ನ ಹಳೇ ದೂರುಗಳನ್ನು ಯಾರಿಗೆ ಹೇಳಲಿ? ಅವಳಿಗೆ ಅವು ನೆನಪೇ ಇಲ್ಲ. ಮಾತಾಡುವುದಿದ್ದರೆ ಇಬ್ಬರಿಗೂ ನೆನಪಿರುವಾಗಲೇ ಮಾತಾಡಿ.

ಇಬ್ಬರ ಅಪ್ಪ:
ನಡುರಾತ್ರಿಯವರೇ, ‘ತಾಯಿಯಾದರೆ ಅರ್ಥವಾಗುತ್ತೆ’ ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕ್ಷಮಿಸಿ.

ಮಳೆಬಿಲ್ಲು:
ಡೈರಿಯ ವಿಷಯ ಓದಿ ಕೈ ತಣ್ಣಗಾಯಿತು. ಹೋದ ತಿಂಗಳು ಮಗನ ಫೋನಿನಲ್ಲಿದ್ದ ಮೆಸೇಜ್ ಓದಿದ್ದೆ. ಅದನ್ನು ನನ್ನ ತಂಗಿಗೆ ಹೇಳಿ ನಕ್ಕಿದ್ದೆ ಕೂಡ. ಅವನು ಪಕ್ಕದ ಕೋಣೆಯಲ್ಲೇ ಇದ್ದ. ಬಾಗಿಲು ಹಾಕಿಕೊಳ್ಳಲು ಶುರುಮಾಡಿದ್ದು ಅದಾದ ಮೇಲೆಯೇ ಇರಬೇಕು. ಇವತ್ತು ಮಾತಾಡಬೇಕು. ಹೇಗೆ ಶುರು ಮಾಡಲಿ?

ನಡುರಾತ್ರಿ:
ಬಾಗಿಲು ತಟ್ಟಿ, ಅವನು ಬಾ ಅಂದ ಮೇಲೆ ಒಳಗೆ ಹೋಗಿ. ‘ನಿನ್ನ ಮೆಸೇಜ್ ಓದಿದ್ದು, ನಕ್ಕಿದ್ದು ನನ್ನ ತಪ್ಪು’ ಅನ್ನಿ. ಅದರ ಹಿಂದೆ ‘ಆದರೆ’ ಸೇರಿಸಬೇಡಿ. ಅವನು ತಕ್ಷಣ ಏನೂ ಹೇಳದಿದ್ದರೆ ಒತ್ತಾಯ ಮಾಡದೆ ಎದ್ದು ಬನ್ನಿ. ಅಪ್ಪನ ಬಾಯಿಂದ ನಾನು ಕೇಳಬೇಕೆಂದು ಕಾಯುತ್ತಿರುವುದು ಅಷ್ಟೇ.