ಅಳಿಲಿಗೆ ನುಸಿಗುಳಿಗೆ: ಮನೆಯವರ ಗುಂಪಿನಲ್ಲಿ ನಡೆದ ವಾದ

ದೊಡ್ಡಪ್ಪ: (ಫಾರ್ವರ್ಡ್ ಆದ ವಿಡಿಯೊ) ಗಿಡದ ಬುಡಕ್ಕೆ ನಾಲ್ಕು ನುಸಿಗುಳಿಗೆ ಹಾಕಿದ್ರೆ ಅಳಿಲು ಆ ಕಡೆ ತಲೆ ಹಾಕಲ್ಲ. ಕೈತೋಟ ಇರೋರೆಲ್ಲ ನೋಡಿ.

ಅಕ್ಕ: ಒಳ್ಳೆ ಹೊತ್ತಿಗೆ ಕಳಿಸಿದ್ರಿ ದೊಡ್ಡಪ್ಪ. ಇವತ್ತು ಬೆಳಿಗ್ಗೆ ಮತ್ತೆ ಟೊಮೇಟೊ ಹಾಳಾಗಿದೆ. ಪೂರ್ತಿ ತಿಂದ್ರೂ ಬೇಜಾರಿಲ್ಲ, ಒಂದೊಂದಕ್ಕೂ ಒಂದು ಬಾಯಿ ಹಾಕಿ ಬಿಟ್ಟಿದೆ. ಹಲ್ಲಿನ ಗೆರೆ ಎದ್ದು ಕಾಣುತ್ತೆ. ಸಂಜೆನೇ ಗುಳಿಗೆ ತರಿಸ್ತೀನಿ.

ನಾನು: ಅಕ್ಕ, ದಯವಿಟ್ಟು ಬೇಡ. ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ನುಸಿಗುಳಿಗೆ ಅಂದ್ರೆ ನ್ಯಾಫ್ತಲೀನ್, ಇಲ್ಲಾಂದ್ರೆ ಪ್ಯಾರಾಡೈಕ್ಲೋರೋಬೆಂಜೀನ್. ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ ತುಂಬಿ ಬಟ್ಟೆ ಹುಳ ಸಾಯಲಿ ಅಂತ ಮಾಡಿದ್ದು. ಬಯಲಲ್ಲಿ ಆವಿ ಗಾಳಿಪಾಲು, ಅಳಿಲು ಹೆದರಲ್ಲ. ತರಕಾರಿ ಬೆಳೆಯೋ ಮಣ್ಣಿಗೆ ಮಾತ್ರ ವಿಷ ಸೇರುತ್ತೆ.

ದೊಡ್ಡಪ್ಪ: ಬಟ್ಟೆ ಮಧ್ಯೆ ಇಟ್ಕೊಂಡೇ ಬೆಳೆದವರಪ್ಪ ನಾವು. ಏನಾಯ್ತು ಈಗ?

ನಾನು: ಪೆಟ್ಟಿಗೆಯೊಳಗಿದ್ದದ್ದು ಮಕ್ಕಳ ಕೈಗೆ ಸಿಗ್ತಿರಲಿಲ್ಲ ದೊಡ್ಡಪ್ಪ. ಅಕ್ಕನ ಮಗು ದಿನಾ ಆ ಮಣ್ಣಲ್ಲೇ ಆಡೋದು. ಬಿಳಿ ಗುಂಡು ಕಂಡ್ರೆ ಪೆಪ್ಪರಮೆಂಟು ಅಂತ ಬಾಯಿಗಿಟ್ಕೊಳ್ಳುತ್ತೆ. ನ್ಯಾಫ್ತಲೀನ್ ಹೊಟ್ಟೆಗೆ ಹೋದ್ರೆ ಕೆಂಪು ರಕ್ತಕಣ ಒಡೆಯುತ್ತೆ. ಜಿ6ಪಿಡಿ (ಕೆಂಪು ರಕ್ತಕಣವನ್ನ ಕಾಪಾಡೋ ಒಂದು ಕಿಣ್ವ) ಕೊರತೆ ಇರೋ ಮಕ್ಕಳಿಗೆ ಒಂದು ಗುಳಿಗೆಯೂ ಅಪಾಯ. ನಾಯಿ, ಬೆಕ್ಕಿಗೂ ವಿಷವೇ.

ಅಕ್ಕ: ಅಯ್ಯೋ, ಬೇಡಪ್ಪ. ಖಾರದ ಪುಡಿ ಹಾಕ್ಲಾ?

ನಾನು: ಖಾರ ಅಳಿಲಿಗೆ ಉರಿಯುತ್ತೆ ನಿಜ. ಆದ್ರೆ ಒಂದು ಮಳೆಗೆ ತೊಳೆದುಹೋಗುತ್ತೆ.

ಚಿಕ್ಕಪ್ಪ: ಇಷ್ಟೆಲ್ಲ ಯಾಕೆ? ಬೋನಿಟ್ಟು ಹಿಡಿದು ದೂರ ಬಿಟ್ಟು ಬನ್ನಿ.

ಅಕ್ಕ: ಗೂಡಲ್ಲಿ ಮರಿ ಇದ್ರೆ ಚಿಕ್ಕಪ್ಪ? ತಾಯಿ ಇಲ್ಲದೆ ಸಾಯ್ತವೆ. ನನ್ನ ಕೈಲಾಗಲ್ಲ.

ನಾನು: ಒಂದನ್ನ ಸಾಗಿಸಿದ್ರೆ ಆ ಜಾಗಕ್ಕೆ ಇನ್ನೊಂದು ಬರುತ್ತೆ.

ಚಿಕ್ಕಪ್ಪ: ಸರಿ, ನೈಲಾನ್ ಬಲೆ ಹೊದಿಸಿ.

ನಾನು: ಕಡಿದು ಹಾಕುತ್ತೆ. ಅಳಿಲಿನ ಮುಂದಿನ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ, ಕಡಿದು ಸವೆಸಲೇಬೇಕು ಅದು. ಸಡಿಲ ಬಲೆಗೆ ಹಕ್ಕಿ, ಹಾವು ಸಿಕ್ಕಿ ಒದ್ದಾಡೋದು ಬೇರೆ. ಅರ್ಧ ಇಂಚು ಕಣ್ಣಿನ ತಂತಿ ಜಾಲರಿ ತಗೊಂಡು ಚೌಕಟ್ಟಿಗೆ ಬಿಗೀರಿ. ಅಂಚು ಮಣ್ಣೊಳಗೆ ಇಳೀಬೇಕು. ಮೇಲೂ ಮುಚ್ಚಬೇಕು, ಇಲ್ಲದಿದ್ರೆ ಹತ್ತಿ ಒಳಗಿಳಿಯುತ್ತೆ.

ದೊಡ್ಡಪ್ಪ: ಮೇಲೂ ಮುಚ್ಚಿದ್ರೆ ಜೇನು ಹೇಗೆ ಬರುತ್ತೆ? ಸೌತೆ, ಕುಂಬಳ ಕಾಯಿ ಕಚ್ಚಬೇಡವಾ?

ನಾನು: ಇದು ಕೇಳಬೇಕಾದ ಪ್ರಶ್ನೆ ದೊಡ್ಡಪ್ಪ. ಅರ್ಧ ಇಂಚಿನ ಕಣ್ಣಲ್ಲಿ ಜೇನ್ನೊಣ ನುಸುಳುತ್ತೆ. ಆದ್ರೂ ಹೀಚು ಉದುರ್ತಿದ್ರೆ ಬೆಳಿಗ್ಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಬೇಕು. ಟೊಮೇಟೊ, ಮೆಣಸಿನ ಗಿಡಕ್ಕೆ ಆ ಚಿಂತೆ ಇಲ್ಲ.

ಅಕ್ಕ: ಜಾಲರಿ ಆಗೋವರೆಗೆ? ಗಿಡದ ತುಂಬ ಕಾಯಿ ಇದೆ.

ನಾನು: ದೋರೆಗಾಯಿ ಆದಾಗಲೇ ಕಿತ್ತುಬಿಡು. ತಳದಲ್ಲಿ ಬಣ್ಣ ತಿರುಗಿದ್ರೆ ಸಾಕು, ಒಳಗಿಟ್ಟರೂ ಹಣ್ಣಾಗುತ್ತೆ. ಫ್ರಿಜ್ಜಲ್ಲಿಡಬೇಡ. ಇನ್ನೊಂದು ವಿಷಯ, ಬೆಳಿಗ್ಗೆ ಅಂದ್ಯಲ್ಲ, ಬೆಳಕು ಹರಿಯೋ ಮೊದಲಾ, ಆಮೇಲಾ? ತೋಟಕ್ಕೆ ಬರೋ ಅಳಿಲು ಹಗಲಲ್ಲಿ ಓಡಾಡೋದು. ರಾತ್ರಿನೇ ಕಚ್ಚಿದ್ರೆ ಅದು ಇಲಿ ಇರಬಹುದು.

ಅಕ್ಕ: ನಾನೇ ಕಣ್ಣಾರೆ ಕಂಡೆ, ಅಳಿಲೇ.

ದೊಡ್ಡಪ್ಪ: ಜಾಲರಿ ಕಟ್ಟಿ, ಬೇಡ ಅನ್ನಲ್ಲ. ಗುಳಿಗೆಯಿಂದ ಪ್ರಯೋಜನ ಇಲ್ಲ ಅನ್ನೋದನ್ನ ಮಾತ್ರ ನಾನು ಒಪ್ಪಲ್ಲ.

ನಾನು: ಒಪ್ಪದಿದ್ರೂ ಸರಿ ದೊಡ್ಡಪ್ಪ, ಆ ವಿಡಿಯೊ ಮಾತ್ರ ಅಳಿಸಿ. ಚಿಕ್ಕ ಮಕ್ಕಳಿರೋರು ಈ ಗುಂಪಲ್ಲಿ ಬಹಳ ಜನ ಇದ್ದಾರೆ.

ಅಕ್ಕ: ಚಿಕ್ಕಪ್ಪ, ತಂತಿ ಕತ್ತರಿಸೋ ಕತ್ತರಿ ನಿಮ್ಮ ಹತ್ರ ಇದೆಯಲ್ಲ, ಭಾನುವಾರ ತರ್ತೀರಾ?

ಚಿಕ್ಕಪ್ಪ: ತರ್ತೀನಿ. ಪಾತಿಯ ಉದ್ದ, ಅಗಲ ಕಳಿಸು. ಗಿಡದ ಎತ್ತರಾನೂ.