ಠೀವಿನಾ, ಡೌಲಾ?

ಭಾನುವಾರ ಬೆಳಿಗ್ಗೆ ದೊಡ್ಡಮಾವ ನಮ್ಮ ಮನೆ ಗುಂಪಿಗೆ 38 ಸೆಕೆಂಡಿನ ವಿಡಿಯೋ ಹಾಕಿದರು. ಮಗನ ಆರತಕ್ಷತೆಯದು. ಹೊಗೆ ಬಿಡುವ ಯಂತ್ರ, ಕಪ್ಪು ಕನ್ನಡಕ, ಸ್ಲೋ ಮೋಷನ್. ಅವತ್ತು ಯಾರ ಮನೆಯಲ್ಲೂ ಹೊತ್ತಿಗೆ ಸರಿಯಾಗಿ ಅಡುಗೆ ಆಗಲಿಲ್ಲ. ಹೆಸರುಗಳನ್ನು ನನ್ನ ಫೋನಿನಲ್ಲಿ ಇರುವ ಹಾಗೇ ಬಿಟ್ಟಿದ್ದೇನೆ.

ದೊಡ್ಡಮಾವ: ಏನು ಠೀವಿ ನೋಡಿ ನಮ್ಮ ಹುಡುಗನದು! ದಸರಾ ಆನೆ ಬಂದ ಹಾಗೆ ಬರುತ್ತಿದ್ದಾನೆ.

ಚಿಕ್ಕಮ್ಮ ಧಾರವಾಡ: ಅಣ್ಣಾ, ಮದುವೆ ಚೆನ್ನಾಗಾಯಿತು, ಊಟ ಚೆನ್ನಾಗಿತ್ತು, ಎಲ್ಲಾ ಸರಿ. ಆದರೆ ಇದು ಠೀವಿ ಅಲ್ಲ. ಡೌಲು. ನಮ್ಮ ಧಾರವಾಡದಾಗ ನೋಡಿದ್ರ 'ಏನ್ ಡೌಲ್ ಮಾಡ್ತಾನವಾ ಇಂವಾ' ಅಂತಿದ್ರು.

ದೊಡ್ಡಮಾವ: ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಯಾವಾಗಿಂದ 'ನಮ್ಮ ಧಾರವಾಡ'?

ತಮ್ಮ: ನಮ್ಮ ಕಾಲೇಜಲ್ಲಿ ಇದಕ್ಕೆ ಬಿಲ್ಡಪ್ ಅಂತೀವಿ. ಜಾಸ್ತಿ ಆದರೆ ಸ್ಕೋಪು.

ಮದುಮಗ: ನಾನೂ ಈ ಗುಂಪಿನಲ್ಲಿ ಇದ್ದೇನೆ ಅಂತ ನೆನಪಿಸುತ್ತಿದ್ದೇನೆ, ಅಷ್ಟೇ.

ಭಾವ ಮಂಗಳೂರು: ಬಿಲ್ಡಪ್ ಏನು ಇವತ್ತಿನದಾ ಮಾರಾಯ? ಯಕ್ಷಗಾನದಲ್ಲಿ ಬಣ್ಣದ ವೇಷ ಬರುವುದು ನೋಡಿದ್ದೀಯಾ? ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ಹಿಂದೆ ರಾಕ್ಷಸ ಆರ್ಭಟಿಸುತ್ತಾನೆ. ಮುಖ ತೋರಿಸುವುದಿಲ್ಲ. ಕಿರೀಟ ಕಂಡಿತು ಅನ್ನುವಾಗ ಮತ್ತೆ ಕೆಳಗೆ. ಚೆಂಡೆಯವರ ಕೈ ಸೋತರೂ ಅವನು ಹೊರಗೆ ಬರುವುದಿಲ್ಲ. ನಮ್ಮ ಹುಡುಗನ ಹೊಗೆ ಅದರ ಮುಂದೆ ಊದುಬತ್ತಿ.

ಚಿಕ್ಕಮ್ಮ ಧಾರವಾಡ: ಅದು ವೇಷ, ಕಟ್ಟಿದ್ದೇ ಅದಕ್ಕೆ. ಠೀವಿ ಬೇರೆ. ಠೀವಿ ಇರುವವನಿಗೆ ಅದು ಇದೆ ಅಂತ ಗೊತ್ತೇ ಇರುವುದಿಲ್ಲ. ಅಪ್ಪ ಬೆಳಿಗ್ಗೆ ಹಾಲು ತರಲು ಹೋಗುತ್ತಿದ್ದದ್ದು ನೆನಪಿದೆಯಾ ಅಣ್ಣಾ? ಒಂದು ಕೈಯಲ್ಲಿ ಪಂಚೆ ತುದಿ, ಇನ್ನೊಂದರಲ್ಲಿ ಸ್ಟೀಲ್ ಡಬ್ಬ. ರಸ್ತೆ ಮಧ್ಯದಲ್ಲೇ ನಡಿಗೆ. ಒಂದು ಆಟೋ ಹಾರ್ನ್ ಹೊಡೆದರೂ ಪಕ್ಕಕ್ಕೆ ಸರಿಯುತ್ತಿರಲಿಲ್ಲ. ಅದು ಠೀವಿ.

ದೊಡ್ಡಮಾವ: ಅಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ ಕಣೇ.

(ಇಲ್ಲಿ ಹನ್ನೊಂದು ಜನ ನಗುವ ಮುಖ ಹಾಕಿದರು. ಅಜ್ಜಿಯೂ ಹಾಕಿದರು. ಯಾರೋ ಹಾಕಿಕೊಟ್ಟಿರಬೇಕು.)

ಅಕ್ಕ: 29ನೇ ಸೆಕೆಂಡು ಯಾರಾದರೂ ನೋಡಿದಿರಾ?

ಎಲ್ಲರೂ ನೋಡಿದರು. ಕೆಂಪು ಕಾರ್ಪೆಟ್ಟಿನ ಅಂಚಿಗೆ ಮದುಮಗನ ಎಡಗಾಲಿನ ಬೂಟು ಸಿಕ್ಕಿಕೊಳ್ಳುತ್ತದೆ. ಮೈ ಒಂದು ಗೇಣು ಮುಂದಕ್ಕೆ ವಾಲುತ್ತದೆ. ಕನ್ನಡಕ ಜಾರುತ್ತದೆ. ಅದನ್ನು ಹಿಡಿಯಲು ಹೋದ ಕೈ ಹಾಗೇ ಮೇಲೆ ಹೋಗಿ ಕೂದಲು ಬಾಚುತ್ತದೆ. ಸ್ಲೋ ಮೋಷನ್ ಆದ್ದರಿಂದ ಎಲ್ಲವೂ ನಿಧಾನವಾಗಿ, ಬಹಳ ಗಂಭೀರವಾಗಿ ನಡೆಯುತ್ತದೆ.

ಭಾವ ಮಂಗಳೂರು: ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು.

ತಮ್ಮ: ಸ್ಟಿಕ್ಕರ್ ಮಾಡಿದ್ದೀನಿ. ಕಳಿಸಲಾ?

ಮದುಮಗ: ಬೇಡ.

ಕಳಿಸಿದ.

ದೊಡ್ಡಮಾವ: ನಗಿ, ನಗಿ. ಹುಡುಗ ಚೂರು ಜಂಭ ಮಾಡಿದ, ಒಪ್ಪಿದೆ. ಮದುವೆ ದಿನ ಮಾಡದೆ ಇನ್ಯಾವಾಗ ಮಾಡಬೇಕು? ಬೀಗರು ಅಂದಮೇಲೆ ಬೀಗಲೇಬೇಕಲ್ವಾ?

ಚಿಕ್ಕಮ್ಮ ಧಾರವಾಡ: ಜಂಭ ಅಲ್ಲ, ಜಂಬ. ಸಂಸ್ಕೃತದ ದಂಭ ನಮ್ಮ ಬಾಯಲ್ಲಿ ಜಂಬ ಆಯಿತು. ಇಷ್ಟು ದೂರ ಬಂದಮೇಲೆ ಮಹಾಪ್ರಾಣ ಯಾಕೆ?

ದೊಡ್ಡಮಾವ: ರಿಟೈರ್ ಆದರೂ ಮೇಷ್ಟ್ರು ಬುದ್ಧಿ ಬಿಡಲಿಲ್ಲ ನೀನು.

ಚಿಕ್ಕಮ್ಮ ಧಾರವಾಡ: ಧಿಮಾಕು ಎಲ್ಲಿಂದ ಬಂತು ಹೇಳಲಾ? ದಿಮಾಗ್, ಅಂದರೆ ಮಿದುಳು. ನಮ್ಮಲ್ಲಿಗೆ ಬಂದಾಗ ಮಿದುಳು ಹೋಗಿ ಸೊಕ್ಕು ಮಾತ್ರ ಉಳಿಯಿತು.

ಅಕ್ಕ: ಚಿಕ್ಕಮ್ಮ, ಇದು ಚೆನ್ನಾಗಿದೆ. ಆದರೆ ನನ್ನದು ಬೇರೆ ತಕರಾರು. ಮಾವ ಇಲ್ಲಿವರೆಗೆ ಹುಡುಗನಿಗೆ ಠೀವಿ ಅಂದರು, ಚೂರು ಜಂಭ ಅಂದರು. ಅದೇ ಸಂಜೆ ಅದೇ ಕಾರ್ಪೆಟ್ಟಿನ ಮೇಲೆ ಹುಡುಗಿಯೂ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಎಡವಲಿಲ್ಲ. ಆಗ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತವರು ಏನೆಂದರು ಗೊತ್ತಾ? 'ಬಜಾರಿ ಥರ ಇದ್ದಾಳಲ್ಲ.' ಹೇಳಿದವರು ಈ ಗುಂಪಿನಲ್ಲೇ ಇದ್ದಾರೆ.

ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಒಬ್ಬರು ಶುಭೋದಯದ ಗುಲಾಬಿ ಹಾಕಿದರು. ಆಗ ಹನ್ನೊಂದೂವರೆ ಗಂಟೆ.

ಭಾವ ಮಂಗಳೂರು: ಹೆಣ್ಣಿಗೂ ಪದ ಇದೆಯಲ್ಲ. ಒಯ್ಯಾರ, ಬಿಂಕ, ಬಿನ್ನಾಣ.

ಅಕ್ಕ: ಅದೇ ನಾನು ಹೇಳುವುದು. ಒಯ್ಯಾರ ಅಂದರೆ ಯಾರೋ ನೋಡಲಿ ಅಂತ ನಡೆಯುವುದು. ಗತ್ತು ಅಂದರೆ ದಾರಿ ಬಿಡಿ ಅಂತ ನಡೆಯುವುದು. ನಮಗೆ ಮೊದಲನೆಯದು ಕೊಟ್ಟು ಎರಡನೆಯದು ನೀವಿಟ್ಟುಕೊಂಡಿದ್ದೀರಿ. ನಾವು ತೆಗೆದುಕೊಂಡರೆ ಬಜಾರಿ.

ದೊಡ್ಡಮಾವ: ಸುಮ್ನೆ ಎಲ್ಲದಕ್ಕೂ ಗಂಡು ಹೆಣ್ಣು ತರಬೇಡ ಪುಟ್ಟಿ. ನಾನು ಹೇಳಿದ್ದು ಆನೆ ವಿಷಯ. 750 ಕೆಜಿ ಅಂಬಾರಿ ಹೊತ್ತು ಅರಮನೆಯಿಂದ ಬನ್ನಿಮಂಟಪದವರೆಗೆ 5 ಕಿಲೋಮೀಟರ್ ನಡೆಯುತ್ತಾನಲ್ಲ ಅಭಿಮನ್ಯು, ಅದು ನಡಿಗೆ. 2020ರಿಂದ ಅವನೇ. ಅದಕ್ಕೆ ಮುಂಚೆ ಅರ್ಜುನ. ಅವನ ಮುಂಚೆ ಬಲರಾಮ.

ತಮ್ಮ: 2020ರಲ್ಲಿ ಕೊರೊನಾ ಮಾವ. ಮೆರವಣಿಗೆ ಅರಮನೆ ಆವರಣ ದಾಟಲೇ ಇಲ್ಲ.

ದೊಡ್ಡಮಾವ: ಆವರಣದಲ್ಲಾದರೂ ಅಂಬಾರಿ ತೂಕ ಅಷ್ಟೇ. ಮತ್ತೆ ಅವನು ಸುಮ್ನೆ ಒಂದು ದಿನ ಬಂದು ಮೆರೆಯುವುದಿಲ್ಲ. ವಾರಗಟ್ಟಲೆ ಮರಳು ಮೂಟೆ ಹೊರಿಸಿ ತಾಲೀಮು ಮಾಡಿಸುತ್ತಾರೆ. ನಾನು ದಿನಾ ಹೋಗಿ ನೋಡುತ್ತೇನೆ. ಬೆನ್ನ ಮೇಲೆ ತೂಕ ಇದ್ದರೆ ತಾನೇ ನಡಿಗೆ ನಿಧಾನ ಆಗುತ್ತದೆ. ನಾವು ಅದನ್ನು ಗಾಂಭೀರ್ಯ ಅಂತೀವಿ.

ಚಿಕ್ಕಮ್ಮ ಧಾರವಾಡ: ಅಣ್ಣಾ, ಇವತ್ತು ನೀವು ಆಡಿದ ಮೊದಲ ಸರಿಯಾದ ಮಾತು ಇದು. ಹುಡುಗನ ಬೆನ್ನ ಮೇಲೆ ಏನಿತ್ತು?

ಮದುಮಗ: ಬಾಡಿಗೆ ಕೋಟು. ಭುಜ ಬಿಗಿ. ಕೈ ಮೇಲೆತ್ತುವುದೇ ಕಷ್ಟವಾಗಿತ್ತು. ಅದಕ್ಕೇ ಹಾಗೆ ಸೆಟೆದು ನಡೆದದ್ದು. ಈಗ ಸಮಾಧಾನ ಆಯಿತಾ?

ಅಕ್ಕ: ಮಾವ, ಅಂಬಾರಿ ಆನೆಯ ಅಕ್ಕಪಕ್ಕ ಎರಡು ಕುಮ್ಕಿ ಆನೆ ನಡೆಯುತ್ತವಲ್ಲ, ಹೆಣ್ಣಾನೆಗಳು. ಅದೇ ದಾರಿ, ಅದೇ ಜನ, ಅದೇ ಹೆಜ್ಜೆ. ಅವು ಪಕ್ಕದಲ್ಲಿದ್ದರೆ ಗಂಡಾನೆ ಗಾಬರಿಯಾಗುವುದಿಲ್ಲ ಅಂತ ನೀವೇ ನನಗೆ ಚಿಕ್ಕವಳಿದ್ದಾಗ ಹೇಳಿದ್ದು. ಅವುಗಳ ಹೆಸರು ಹೇಳಿ ನೋಡೋಣ.

'ದೊಡ್ಡಮಾವ ಟೈಪ್ ಮಾಡುತ್ತಿದ್ದಾರೆ' ಅಂತ ಬಂತು. ಹೋಯಿತು. ಮತ್ತೆ ಬಂತು.

ದೊಡ್ಡಮಾವ: ಕಾವೇರಿ. ವಿಜಯಾ. ಒಂದೊಂದು ವರ್ಷ ಬೇರೆ ಬೇರೆ. ದಿನಾ ತಾಲೀಮು ನೋಡುವವನು ಅಂತ ಹೇಳಿದೆನಲ್ಲ.

ಅಕ್ಕ: ಸೋತೆ. ಆದರೆ ಗೂಗಲ್ ನೋಡಿರಬಹುದು.

ಅಷ್ಟರಲ್ಲಿ ಮದುಮಗಳು ಬಂದಳು. ಗುಂಪಿಗೆ ಸೇರಿ ಆಗ ಬರೀ ಮೂರು ದಿನ.

ಹೊಸ ಅತ್ತಿಗೆ: ಮಾವಾ, ನನ್ನ ವಿಡಿಯೋ ಯಾಕೆ ಹಾಕಲಿಲ್ಲ?

ಅವಳೇ ಹಾಕಿದಳು. 41 ಸೆಕೆಂಡು. ಸೀರೆ ನೆರಿಗೆ ಎಡಗೈಯಲ್ಲಿ ಒಂದಿಷ್ಟು ಎತ್ತಿದ್ದಾಳೆ. ಹೊಗೆಯೊಳಗಿಂದ ನೇರ ಬರುತ್ತಾಳೆ. ಆ ಕಾರ್ಪೆಟ್ಟಿನ ಅಂಚನ್ನು ನೋಡಿ, ದಾಟಿ, ಮುಂದೆ ಬರುತ್ತಾಳೆ. ದೊಡ್ಡಮಾವ ಏನೋ ಬರೆದರು. ಕೂಡಲೇ ಅಳಿಸಿದರು.

ಚಿಕ್ಕಮ್ಮ ಧಾರವಾಡ: ಓದಿಬಿಟ್ಟೆ ಅಣ್ಣಾ. 'ಒಯ್ಯಾರ' ಅಂತ ಬರೆದಿದ್ದಿರಿ.

ದೊಡ್ಡಮಾವ: ಗತ್ತು. ಸಾಕಾ?

ಹೊಸ ಅತ್ತಿಗೆ: ಸಾಕು ಮಾವಾ. ಕಾರ್ಪೆಟ್ಟಿನವರಿಗೆ ಇನ್ನೂ ದುಡ್ಡು ಕೊಟ್ಟಿಲ್ಲ. ಬಾಗಿಲಲ್ಲಿ ನಿಂತಿದ್ದಾರೆ, ಬನ್ನಿ.